ಪದವಿವೇಕ: ಕೂಡಿಸುವ ಮಾತುಗಳು

ವಾಚಕ ಮಹಾಶಯರಲ್ಲಿ ಈ ತಿಂಗಳು ನಾವು ಒಂದು ತಪ್ಪೊಪ್ಪಿಗೆಯಿಂದಲೇ ಆರಂಭಿಸಬೇಕಾಗಿದೆ. ಅನ್ಯರ ಪದಪ್ರಯೋಗದ ದೋಷಗಳನ್ನು ತಿಂಗಳು ತಿಂಗಳೂ ಈ ಪುಟದಲ್ಲಿ ಎತ್ತಿ ತೋರಿಸುತ್ತ ಬಂದವರು ನಾವು. ನಮ್ಮ ಲೇಖನಿಯಿಂದಲೇ ಹೊರಟ ಒಂದು ಪದವು ಒಬ್ಬ ಹುಡುಗನ ಕೈಯನ್ನು ಸುಟ್ಟಿತೆಂಬ ಸಂಗತಿಯನ್ನು ಮುಚ್ಚಿಟ್ಟುಕೊಂಡು ಮತ್ತೊಬ್ಬರ ವಿಭಕ್ತಿಪ್ರತ್ಯಯಗಳನ್ನು ತಿದ್ದುತ್ತ ಕೂತರೆ ಅದು ನ್ಯಾಯವಾಗಲಾರದು.

ನಾವು ಶಂಕರಘಟ್ಟದಲ್ಲಿ ವಾಸಮಾಡತಕ್ಕವರೆಂಬುದು ಅನೇಕರಿಗೆ ತಿಳಿದೇ ಇದೆ. ಒಂದು ಕಡೆಗೆ 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯದ ಜ್ಞಾನಸಹ್ಯಾದ್ರಿ. ಸನಿಹದಲ್ಲಿಯೇ ಲಕ್ಕವಳ್ಳಿಯ ಭದ್ರಾ ಅಣೆಕಟ್ಟು. ಸುತ್ತಲೂ ಅಡಿಕೆಯ ತೋಟಗಳು. ಈಗ ಎರಡು ವರ್ಷಗಳ ಕೆಳಗೆ, ಅಡಿಕೆ ಸುಲಿಯುವ ಸಣ್ಣ ಯಂತ್ರಗಳನ್ನು ಮಾರುವ ವರ್ತಕರೊಬ್ಬರು ನಮ್ಮಲ್ಲಿಗೆ ಬಂದು, ಯಂತ್ರದ ಸಂಗಡ ಕೊಡತಕ್ಕ ಇಂಗ್ಲಿಷ್ ಸೂಚನಾಪತ್ರವನ್ನು ಕನ್ನಡಕ್ಕೆ ತಂದುಕೊಡಬೇಕೆಂದು ಕೇಳಿಕೊಂಡರು. ಮೂವತ್ತು ವರ್ಷ ಸಂಸ್ಕೃತವನ್ನೂ ಕನ್ನಡವನ್ನೂ ಪಾಠ ಹೇಳಿದ ನಮಗೆ ನಾಲ್ಕು ಪುಟದ ಸೂಚನಾಪತ್ರವು ಯಾವ ಮಹಾ ಎಂದುಕೊಂಡು ಒಂದೇ ಸಂಜೆಯಲ್ಲಿ ಮುಗಿಸಿದೆವು. ಮೂಲದಲ್ಲಿ, ವಿದ್ಯುತ್ತಿನ ತಂತಿಯ ಒಂದು ತುದಿಗೆ ‘ಪ್ಲಗ್’ ಇರತಕ್ಕದ್ದು, ಮತ್ತೊಂದು ತುದಿಗೆ ‘ಕನೆಕ್ಟರ್’ ಇರತಕ್ಕದ್ದು ಎಂದಿತ್ತು. ಎರಡೂ ಕೂಡಿಸುವ ಸಾಧನಗಳೇ ಅಲ್ಲವೆ ಎಂದು ನಾವು ಯೋಚಿಸಿದೆವು. ‘ಪ್ಲಗ್ಗು’ ಎಂಬ ಒರಟು ಶಬ್ದವು ನಮ್ಮ ವಾಕ್ಯದಲ್ಲಿ ಬಂದು ಕೂರುವುದು ನಮಗೆ ಸರಿದೋರಲಿಲ್ಲ. ‘ತಂತಿಯ ಎರಡು ತುದಿಗಳಲ್ಲಿಯೂ ಸಂಯೋಜಕಗಳನ್ನು ಅಳವಡಿಸತಕ್ಕದ್ದು’ ಎಂದು ಬರೆದೆವು. ವಾಕ್ಯವು ಮೂಲಕ್ಕಿಂತ ಚಿಕ್ಕದಾಯಿತೆಂದು ಹಿಗ್ಗಿದ್ದೂ ಉಂಟು. ಆ ಪತ್ರದ ನಲವತ್ತು ಪ್ರತಿಗಳು ಅಚ್ಚಾಗಿ ನಲವತ್ತು ಮನೆಗಳಿಗೆ ಹೋದವು.

ಅವುಗಳಲ್ಲೊಂದು ನಮ್ಮ ಬೀದಿಯ ಕೊನೆಯ ಮನೆಗೇ ಬಂದಿತ್ತು. ಆ ಮನೆಯ ಹುಡುಗನಿಗೆ ಹದಿನೇಳು ವರ್ಷ. ಓದಿನಲ್ಲಿ ಸಾಧಾರಣ, ಕೈಕೆಲಸದಲ್ಲಿ ಬಲು ಚುರುಕು. ಕಳೆದ ಮಳೆಗಾಲದಲ್ಲಿ ಯಂತ್ರದ ತಂತಿಯನ್ನು ಇಲಿ ಕಡಿದು ಹಾಕಿತು. ಹುಡುಗನು ನಮ್ಮ ಪತ್ರವನ್ನು ತೆಗೆದು ಓದಿದನು. ಎರಡು ತುದಿಗಳಿಗೂ ಒಂದೇ ಹೆಸರು ಇರುವುದನ್ನು ಕಂಡನು. ಅಂಗಡಿಗೆ ಹೋಗಿ ಒಂದೇ ಬಗೆಯ ಎರಡು ಮೂರುಕಡ್ಡಿ ಪ್ಲಗ್ಗುಗಳನ್ನು ತಂದು ಎರಡು ತುದಿಗೂ ಹಾಕಿದನು. ಯಂತ್ರದ ಮೈಮೇಲೆ ಕಡ್ಡಿಗಳೇ ಹೊರಚಾಚಿದ್ದುದರಿಂದ ಕಡ್ಡಿಗೆ ಕಡ್ಡಿ ಸೇರಲಿಲ್ಲ. ಅದನ್ನು ಬಿಚ್ಚಿ ಅಲ್ಲಿ ತೂತುಗಳುಳ್ಳ ಸಾಕೆಟ್ಟನ್ನು ಕೂರಿಸಿದನು. ಯಂತ್ರವು ಸೊಗಸಾಗಿ ಓಡಿತು. ಸುಗ್ಗಿಯ ಅರ್ಧ ಭಾಗ ಆ ತಂತಿಯಿಂದಲೇ ನಡೆಯಿತು. ಯಾರಿಗೂ ಏನೂ ಆಗಲಿಲ್ಲ.

ಕಾರ್ತಿಕದ ಒಂದು ಸಂಜೆ ಯಾರದೋ ಕಾಲು ತಗಲಿ ತಂತಿಯು ಯಂತ್ರದ ಕಡೆಯಿಂದ ಕಳಚಿ ನೆಲಕ್ಕೆ ಬಿದ್ದಿತು. ಗೋಡೆಯ ಕಡೆಯ ತುದಿ ಹಾಗೆಯೇ ಇತ್ತು. ಸ್ವಿಚ್ಚು ಹಾಕಿಯೇ ಇತ್ತು. ಹುಡುಗನು ಬಿದ್ದ ತುದಿಯನ್ನು ಎತ್ತಿಕೊಂಡನು. 230 ವೋಲ್ಟಿನ ವಿದ್ಯುತ್ತು ಬರಿಯ ಹಿತ್ತಾಳೆಯ ಕಡ್ಡಿಗಳಲ್ಲಿ ಹೊರಗೆ ನಿಂತಿತ್ತು. ಅವನ ತಾಯಿ ಕೂಗು ಕೇಳಿ ಓಡಿಬಂದು, ಅವನನ್ನು ಮುಟ್ಟದೆ ಮೊದಲು ಸ್ವಿಚ್ಚನ್ನು ತೆಗೆದಳು. ಆ ಹೆಣ್ಣುಮಗಳ ವಿವೇಕದಿಂದ ಹುಡುಗನು ಉಳಿದನು. ಅಂಗೈಯ ಗಾಯ ಒಂದೂವರೆ ತಿಂಗಳಿಗೆ ಮಾಗಿತು. ಕಿರುಬೆರಳು ಈಗಲೂ ಪೂರ್ತಿಯಾಗಿ ಮಡಚುವುದಿಲ್ಲ.

ನಾವು ನೋಡಲು ಹೋದಾಗ ಅವನು ದೂರಿನ ಧ್ವನಿಯಲ್ಲಿ ಏನನ್ನೂ ಹೇಳಲಿಲ್ಲ. “ನೀವು ಬರೆದ ಹಾಗೇ ಮಾಡಿದ್ದೆ ಮೇಷ್ಟ್ರೇ” ಎಂದನು, ಅಷ್ಟೆ.

ಈಗ ಪದಗಳ ವಿಚಾರಕ್ಕೆ ಬರೋಣ. ‘ಕನೆಕ್ಟರ್’ ಎಂಬ ಮಾತಿಗೆ ಇಂಗ್ಲಿಷಿನಲ್ಲಿ ಎರಡು ಅರ್ಥಗಳುಂಟು. ವಿಶಾಲವಾದ ಅರ್ಥದಲ್ಲಿ, ಎರಡು ತಂತಿಗಳನ್ನಾಗಲಿ ಕೊಳವೆಗಳನ್ನಾಗಲಿ ಬೇಕಾದಾಗ ಕೂಡಿಸಿ ಬೇಡವಾದಾಗ ಬಿಡಿಸುವ ಯಾವ ಸಾಧನವಾದರೂ ಕನೆಕ್ಟರೇ. ಆದರೆ 1906ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು ಗೃಹೋಪಯೋಗಿ ಯಂತ್ರಗಳಿಗಾಗಿ ಮಾಡಿರುವ ಪರಿಭಾಷೆಯಲ್ಲಿ ಈ ಮಾತಿಗೆ ಬಹು ಸಂಕುಚಿತವಾದ ಅರ್ಥವಿದೆ. ಅಲ್ಲಿ ನಾಲ್ಕು ಹೆಸರುಗಳು. ಗೋಡೆಯಲ್ಲಿರುವ ತೂತುಗಳುಳ್ಳ ಭಾಗ ಸಾಕೆಟ್. ಅದರೊಳಗೆ ಹೋಗುವ, ತಂತಿಯ ತುದಿಯ ಕಡ್ಡಿಗಳುಳ್ಳ ಭಾಗ ಪ್ಲಗ್. ಅದೇ ತಂತಿಯ ಇನ್ನೊಂದು ತುದಿಯಲ್ಲಿರುವ ತೂತುಗಳುಳ್ಳ ಭಾಗ ಕನೆಕ್ಟರ್. ಯಂತ್ರದ ಮೈಮೇಲೆ ಕುಳಿಯೊಳಗೆ ನಿಂತಿರುವ ಕಡ್ಡಿಗಳುಳ್ಳ ಭಾಗ ಇನ್‌ಲೆಟ್. ಗಣಕಯಂತ್ರವಿರುವ ಮನೆಯವರು ಅದರ ಹಿಂಬದಿಯ ದಪ್ಪ ತಂತಿಯನ್ನು ಒಮ್ಮೆ ಕಳಚಿ ನೋಡಿದರೆ ನಾಲ್ಕೂ ಕಣ್ಣಿಗೆ ಬೀಳುತ್ತವೆ. ನೋಡುವ ಮುನ್ನ ಗೋಡೆಯ ಸ್ವಿಚ್ಚನ್ನು ತೆಗೆಯತಕ್ಕದ್ದು.

ಇಲ್ಲಿ ಒಂದು ನಿಯಮವು ಅಡಗಿದೆ. ವಿದ್ಯುತ್ತು ಯಾವ ಕಡೆಯಿಂದ ಬರುತ್ತದೆಯೋ ಆ ಕಡೆಗೆ ಯಾವಾಗಲೂ ತೂತು. ಯಾವ ಕಡೆಗೆ ಹೋಗುತ್ತದೆಯೋ ಆ ಕಡೆಗೆ ಕಡ್ಡಿ. ಗೋಡೆಯಿಂದ ತಂತಿಗೆ ಬರುವಲ್ಲಿ ಗೋಡೆಗೆ ತೂತು, ತಂತಿಗೆ ಕಡ್ಡಿ. ತಂತಿಯಿಂದ ಯಂತ್ರಕ್ಕೆ ಹೋಗುವಲ್ಲಿ ತಂತಿಗೆ ತೂತು, ಯಂತ್ರಕ್ಕೆ ಕಡ್ಡಿ. ಹೀಗಿದ್ದರೆ ಎಲ್ಲಿ ಕಳಚಿಕೊಂಡರೂ ಜೀವಂತವಾದ ಲೋಹವು ತೂತಿನೊಳಗೆ ಅಡಗಿರುತ್ತದೆ. ಹೊರಗೆ ಕಾಣುವ ಕಡ್ಡಿಗಳು ನಿರ್ಜೀವವಾಗಿರುತ್ತವೆ. ಕೊಳಾಯಿ ಕೆಲಸದವರೂ ವಿದ್ಯುತ್ತಿನ ಕೆಲಸದವರೂ ಇವನ್ನು ಗಂಡು ಹೆಣ್ಣು ಎಂದು ಕರೆಯುತ್ತಾರೆ. ನಮ್ಮ ಶಾಸ್ತ್ರದ ಮಾತಿನಲ್ಲಿ ಆಧಾರ, ಆಧೇಯ ಎನ್ನಬಹುದು. ಹೆಸರು ಯಾವುದಾದರೂ ಆಗಲಿ, ಎರಡು ಹೆಸರು ಬೇಕು. ನಾವು ಎರಡಕ್ಕೂ ‘ಸಂಯೋಜಕ’ವೆಂಬ ಒಂದೇ ಹೆಸರಿಟ್ಟು ಆ ನಿಯಮವನ್ನೇ ಅಳಿಸಿಹಾಕಿದೆವು. ಹುಡುಗನು ಮಾಡಿದ್ದು ನಮ್ಮ ವಾಕ್ಯದ ಶಬ್ದಾರ್ಥವನ್ನೇ. ವಿದ್ಯುತ್ತು ಹೋದಾಗ ಪಕ್ಕದ ಮನೆಯಿಂದಲೋ ಡೀಸೆಲ್ ಯಂತ್ರದಿಂದಲೋ ಬೆಳಕು ತರಲು ಎರಡು ತುದಿಗೂ ಪ್ಲಗ್ಗು ಹಾಕಿದ ತಂತಿಯನ್ನು ಕೆಲವು ಮನೆಗಳಲ್ಲಿ ಇಟ್ಟುಕೊಂಡಿರುವುದನ್ನು ನಾವು ಆಮೇಲೆ ಕಂಡಿದ್ದೇವೆ. ಅಂಥ ತಂತಿಯಿರುವ ವಾಚಕರು ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿ, ಅದನ್ನು ಕತ್ತರಿಸಿಹಾಕಿ ಬಂದು ಮುಂದೆ ಓದಬೇಕೆಂದು ಪ್ರಾರ್ಥನೆ.

ಸೇರುವ ಈ ಎರಡು ಭಾಗಗಳ ಜೋಡಿಗೇ ಆ ಪರಿಭಾಷೆಯಲ್ಲಿ ಬೇರೊಂದು ಹೆಸರಿದೆ: ‘ಕಪ್ಲರ್’. ಕನೆಕ್ಟರೂ ಇನ್‌ಲೆಟ್ಟೂ ಸೇರಿ ಒಂದು ಕಪ್ಲರ್. ವ್ಯಾಕರಣ ಬಲ್ಲವರಿಗೆ ಇದು ದ್ವಂದ್ವಸಮಾಸದಂತೆ ತೋರೀತು. ದಂಪತಿ ಎಂದರೆ ಗಂಡನೂ ಅಲ್ಲ, ಹೆಂಡತಿಯೂ ಅಲ್ಲ, ಇಬ್ಬರೂ. ಆದರೆ ರೈಲಿನವರು ಇದೇ ಮಾತನ್ನು ಬೇರೆ ಅರ್ಥದಲ್ಲಿ ಬಳಸುತ್ತಾರೆ. ಗಾಡಿಗೆ ಗಾಡಿಯನ್ನು ಸೇರಿಸುವಾಗ ಪ್ರತಿ ಗಾಡಿಯ ತುದಿಯಲ್ಲಿರುವ ಒಂದೊಂದು ಉಕ್ಕಿನ ಹಸ್ತವೂ ಅವರಿಗೆ ಕಪ್ಲರೇ. ಒಂದು ಕಸುಬಿನ ಜೋಡಿ ಇನ್ನೊಂದು ಕಸುಬಿನಲ್ಲಿ ಒಂಟಿ. ಇಂಗ್ಲಿಷರೇ ಹೀಗೆ ಬಳಸುವಾಗ ಮೇಷ್ಟ್ರಿಗೆ ಗೊಂದಲವಾದದ್ದು ಸಹಜವೆಂದು ನಮ್ಮ ಮನೆಯವರು ಸಮಾಧಾನ ಹೇಳಿದರು. ಅದು ಸಮಾಧಾನವಾಗಲಿಲ್ಲ.

ಪ್ಲಗ್ಗಿನ ವಿಚಾರ ಬಂದಿರುವಾಗ ಮೂರನೆಯ ಕಡ್ಡಿಯ ಮಾತನ್ನೂ ಹೇಳಿಬಿಡುತ್ತೇವೆ. ನಮ್ಮ ದೇಶದ ಮೂರುಕಡ್ಡಿ ಪ್ಲಗ್ಗಿನಲ್ಲಿ ಮೇಲಿನ ಕಡ್ಡಿಯು ಉಳಿದೆರಡಕ್ಕಿಂತ ಉದ್ದವಾಗಿಯೂ ದಪ್ಪವಾಗಿಯೂ ಇರುವುದನ್ನು ಎಲ್ಲರೂ ನೋಡಿದ್ದಾರೆ. ಏತಕ್ಕೆಂದು ಕೇಳುವವರು ಕಡಮೆ. ಅದು ಭೂಮಿಗೆ ಹೋಗುವ ಕಡ್ಡಿ. ಉದ್ದವಾಗಿರುವುದರಿಂದ ಪ್ಲಗ್ಗನ್ನು ಹಾಕುವಾಗ ಅದೇ ಮೊದಲು ತಾಕುತ್ತದೆ, ತೆಗೆಯುವಾಗ ಅದೇ ಕೊನೆಗೆ ಬಿಡುತ್ತದೆ. ಅಂದರೆ ವಿದ್ಯುತ್ತು ಬರುವ ಮುನ್ನವೇ ಕಾವಲುಗಾರನು ಬಂದು ನಿಂತಿರುತ್ತಾನೆ. ದಪ್ಪವಾಗಿರುವುದರಿಂದ ಅದು ತಪ್ಪಿಯೂ ಉಳಿದೆರಡು ತೂತುಗಳಿಗೆ ಹೋಗಲಾರದು. ದಪ್ಪ ಕಡ್ಡಿ ತೂತಿಗೆ ಹಿಡಿಯದೆಂದು ಅದನ್ನು ಕಿತ್ತೆಸೆದು ಎರಡೇ ಕಡ್ಡಿಯಲ್ಲಿ ಕೆಲಸ ಸಾಗಿಸುವ ಜಾಣರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಯಂತ್ರದ ಲೋಹದ ಮೈಗೆ ವಿದ್ಯುತ್ತು ಸೋರಿದ ದಿನ ಅವರ ಜಾಣತನ ಪರೀಕ್ಷೆಗೆ ಬರುತ್ತದೆ. ಸೋರಿಕೆಯು ಮೂವತ್ತು ಮಿಲಿಆಂಪಿಯರನ್ನು ಮುಟ್ಟುತ್ತಲೇ ಪ್ರವಾಹವನ್ನು ಕಡಿಯುವ ಸಾಧನವು ಈಗ ಸುಲಭವಾಗಿ ಸಿಕ್ಕುತ್ತದೆ. ಆ ಹುಡುಗನ ಮನೆಗೆ ಅದನ್ನು ಹಾಕಿಸಿದ್ದು ನಾವು ಮಾಡಿದ ಸಣ್ಣ ಪ್ರಾಯಶ್ಚಿತ್ತ. ಆದರೆ ಒಂದು ಮಾತು: ಎರಡೂ ಕಡ್ಡಿಗಳನ್ನು ಒಟ್ಟಿಗೆ ಹಿಡಿದವನ ವಿಷಯದಲ್ಲಿ ಪ್ರವಾಹವು ಒಂದರಿಂದ ಬಂದು ಇನ್ನೊಂದರಿಂದ ಮರಳುವುದರಿಂದ ಅದು ಸೋರಿಕೆಯೆಂದು ಆ ಸಾಧನಕ್ಕೆ ತಿಳಿಯದು. ಆದಕಾರಣ ಅದನ್ನು ನಂಬಿ ತಪ್ಪು ತಂತಿಯನ್ನು ಇಟ್ಟುಕೊಳ್ಳತಕ್ಕದ್ದಲ್ಲ.

ನಾವು ಮಾಡಿದ ತಪ್ಪಿಗೆ ಮೂಲವೆಲ್ಲಿ ಎಂದು ಹುಡುಕುತ್ತ ಹೋದಾಗ, ಕನ್ನಡದಲ್ಲಿ ‘ಸಂಪರ್ಕ’ವೆಂಬ ಒಂದೇ ಪದವು ಎಷ್ಟು ಹೊರೆಯನ್ನು ಹೊತ್ತಿದೆಯೆಂಬುದು ಗೋಚರವಾಯಿತು. ಮನೆಗೆ ವಿದ್ಯುತ್ತು ಬಂದರೆ ಸಂಪರ್ಕ; ತಂತಿಗೆ ತಂತಿ ತಾಕಿದರೆ ಸಂಪರ್ಕ; ದೂರವಾಣಿಯಲ್ಲಿ ಮಾತನಾಡಿದರೆ ಸಂಪರ್ಕ; ಊರಿಗೆ ರಸ್ತೆಯಾದರೆ ಸಂಪರ್ಕ; ಅಧಿಕಾರಿಯನ್ನು ಕಾಣಬೇಕಾದರೂ ಸಂಪರ್ಕ. ಧಾತುವನ್ನು ನೋಡಿದರೆ ಇನ್ನೂ ಸೋಜಿಗ. ‘ಪೃಚ್’ ಎಂದರೆ ಬೆರೆಯುವುದು. ಕಾಳಿದಾಸನು ರಘುವಂಶದ ಆರಂಭದಲ್ಲಿ ಶಬ್ದಾರ್ಥಗಳ ಅಗಲದ ಕೂಟವನ್ನು ಹೇಳಲು ‘ಸಂಪೃಕ್ತ’ವೆಂಬ ಇದೇ ಧಾತುವಿನ ರೂಪವನ್ನು ಬಳಸಿದ್ದಾನೆ. ಅಗಲಿಸಲು ಬಾರದ ಕೂಟಕ್ಕೆ ಹೇಳಿದ ಮಾತನ್ನು, ಅಗಲಿಸುವುದಕ್ಕಾಗಿಯೇ ಮಾಡಿದ ಸಾಧನಕ್ಕೆ ನಾವು ಅಂಟಿಸಿದ್ದೇವೆ!

ಈ ಭೇದವನ್ನು ನಮ್ಮ ತಾರ್ಕಿಕರು ಬಹು ಹಿಂದೆಯೇ ಮಾಡಿದ್ದರು. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರಿಗೆ ಸಂಯೋಗವೂ ಸಮವಾಯವೂ ಬೇರೆಬೇರೆಯೆಂಬುದು ಗೊತ್ತಿದೆ. ಸಂಯೋಗವು ಇಪ್ಪತ್ತನಾಲ್ಕು ಗುಣಗಳಲ್ಲಿ ಒಂದು. ಅದರ ಬೆನ್ನಿಗೇ ವಿಭಾಗವೆಂಬ ಗುಣವೂ ಉಂಟು. ಬೇರೆಯಾಗಿದ್ದುವು ಕೂಡಿದರೆ ಸಂಯೋಗ, ಮತ್ತೆ ಬೇರೆಯಾದರೆ ವಿಭಾಗ. ದಾರಗಳಿಗೂ ಬಟ್ಟೆಗೂ ಇರುವ ನಂಟು ಹಾಗಲ್ಲ; ದಾರವನ್ನು ಬಿಡಿಸಿದರೆ ಬಟ್ಟೆಯೇ ಇಲ್ಲ. ಅದು ಸಮವಾಯ. ಈ ಒರೆಗಲ್ಲಿಗೆ ತಿಕ್ಕಿ ನೋಡಿದರೆ ನಮ್ಮ ಪದಗಳು ತಾವಾಗಿಯೇ ಬೇರೆಯಾಗುತ್ತವೆ. ಕನೆಕ್ಟರೆಂಬುದು ಶುದ್ಧ ಸಂಯೋಗದ ಸಾಧನ. ವಿಭಾಗಕ್ಕೆ ಅವಕಾಶವಿಲ್ಲದಿದ್ದರೆ ಅದು ಕನೆಕ್ಟರೇ ಅಲ್ಲ. ಬೆಸುಗೆ ಹಾಗಲ್ಲ. ಹಿಂದೆ ಬೆಂಕಿಪುರವೆನಿಸಿಕೊಂಡಿದ್ದ ನಮ್ಮ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಆರಂಭವಾದ ಮೇಲೆ ಬೆಸುಗೆಯ ಕೆಲಸವನ್ನು ಬಲ್ಲವರು ಈ ಸೀಮೆಯಲ್ಲಿ ಮನೆಮನೆಗೂ ಆದರು. ಬೆಸೆದ ಕಬ್ಬಿಣವನ್ನು ಬಿಡಿಸಬೇಕಾದರೆ ಕತ್ತರಿಸಲೇಬೇಕು. ಹೊಳೆಹೊನ್ನೂರಿನ ಹತ್ತಿರ ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಕೂಡುತ್ತವೆ. ಊರಿನ ಹೆಸರೇ ಅದನ್ನು ಹೇಳುತ್ತದೆ. ಅಲ್ಲಿಂದ ಮುಂದೆ ಇದು ತುಂಗೆಯ ನೀರು, ಇದು ಭದ್ರೆಯ ನೀರು ಎಂದು ಯಾರಾದರೂ ಬೇರ್ಪಡಿಸಬಲ್ಲರೆ? ಅದು ಸಂಗಮ, ನಿಜವಾದ ಅರ್ಥದಲ್ಲಿ ಸಂಪರ್ಕವೂ ಹೌದು.

ಒಕ್ಕಲಿನ ಮನೆಯ ಕನ್ನಡದಲ್ಲಿ ಈ ಅವಿವೇಕವಿರಲಿಲ್ಲವೆಂಬುದು ನಮಗೆ ನಾಚಿಕೆಯ ಮಾತು. ನೇಗಿಲಿನ ಈಸಿಗೆ ನೊಗವನ್ನು ಬಿಗಿಯುವುದು ಮಿಣಿ. ಗಾಡಿಯ ಗಾಲಿ ಅಚ್ಚಿನಿಂದ ಜಾರದಂತೆ ತಡೆಯುವುದು ಕಡಾಣಿ. ಬಾಗಿಲನ್ನು ಭದ್ರಮಾಡುವುದು ಅಗುಳಿ; ಸರಪಣಿಯ ಒಂದೊಂದು ಬಳೆ ಕೊಂಡಿ; ಮೈಯಲ್ಲಿ ಎಲುಬಿಗೆ ಎಲುಬು ಸೇರಿ ಮಡಚುವ ಜಾಗ ಕೀಲು. ಕಡಾಣಿ ತರುವುದಕ್ಕೆ ಹೋದ ಆಳು ಮಿಣಿಯನ್ನು ತಂದನೆಂದು ಯಾರೂ ಕೇಳಿಲ್ಲ. ಇವೆಲ್ಲವನ್ನೂ ‘ಸಂಯೋಜಕ’ವೆಂದು ಕರೆಯಲು ಒಬ್ಬ ಸಂಸ್ಕೃತ ಪಂಡಿತನೇ ಬೇಕಾಯಿತು. ಅಂದ ಹಾಗೆ, ಇಂಗ್ಲಿಷಿನ ‘ಸಾಕೆಟ್’ ಎಂಬ ಪದವು ನೇಗಿಲ ಗುಳವನ್ನು ಹೇಳುವ ಹಳೆಯ ಫ್ರೆಂಚ್ ಪದದಿಂದ ಬಂದದ್ದು. ಆ ಪದವೂ ಒಕ್ಕಲಿನ ಮನೆಯಿಂದಲೇ ಹೊರಟಿತು.

ಇನ್ನು ಮುಟ್ಟುವುದಕ್ಕೂ ಕೂಡುವುದಕ್ಕೂ ಇರುವ ಭೇದ. ‘ಕನೆಕ್ಷನ್’ ಎಂಬುದು ಸ್ಥಿತಿ. ‘ಕಾಂಟ್ಯಾಕ್ಟ್’ ಎಂಬುದು ಲೋಹಕ್ಕೆ ಲೋಹ ತಾಕುವ ಜಾಗ. ಲ್ಯಾಟಿನಿನಲ್ಲಿ ಮೊದಲನೆಯದರ ಧಾತುವಿಗೆ ಕಟ್ಟುವುದೆಂದು ಅರ್ಥ, ಎರಡನೆಯದರದಕ್ಕೆ ಮುಟ್ಟುವುದೆಂದು. ಮೊದಲನೆಯದಕ್ಕೆ ‘ಸಂಪರ್ಕ’ ಇರಲಿ, ರೂಢಿಯನ್ನು ನಾವು ಕೀಳಲಾರೆವು. ಎರಡನೆಯದಕ್ಕೆ ‘ತಾಕು’ ಎಂಬ ಮಾತೇ ಸಾಕು. ಸಂಪರ್ಕವಿದ್ದೂ ತಾಕು ಸಡಿಲವಾಗಿದ್ದರೆ ಏನಾಗುತ್ತದೆಂಬುದನ್ನು ಗೃಹಸ್ಥರು ಅರಿತಿರುವುದು ಅಗತ್ಯ. ಸ್ನಾನದ ನೀರು ಕಾಯಿಸುವ 2000 ವಾಟಿನ ಹಂಡೆಯು ಸುಮಾರು 8.7 ಆಂಪಿಯರ್ ಪ್ರವಾಹವನ್ನು ಎಳೆಯುತ್ತದೆ. ಪ್ಲಗ್ಗಿನ ಕಡ್ಡಿ ಸಾಕೆಟ್ಟಿನಲ್ಲಿ ಸಡಿಲವಾಗಿ ಕೂತು, ತಾಕುವ ಜಾಗದಲ್ಲಿ ಅರ್ಧ ಓಮಿನಷ್ಟು ತಡೆ ಹುಟ್ಟಿತೆನ್ನಿ. ಪ್ರವಾಹದ ವರ್ಗವನ್ನು ತಡೆಯಿಂದ ಗುಣಿಸಿದರೆ ಸುಮಾರು 38 ವಾಟ್. ಬೆಸುಗೆ ಹಾಕುವ ಸಣ್ಣ ಕಾಯಿಕಡ್ಡಿಯೊಂದು 25 ವಾಟಿನದು. ಅದು ಸೀಸತವರಗಳನ್ನು ಕರಗಿಸಬಲ್ಲುದು. ಅಂದರೆ ಅದಕ್ಕಿಂತ ಹೆಚ್ಚಿನ ಬಿಸಿ ನಿಮ್ಮ ಗೋಡೆಯ ಸಾಕೆಟ್ಟಿನೊಳಗೆ, ಯಾರ ಕಣ್ಣಿಗೂ ಬೀಳದೆ, ದಿನವೂ ಬೆಳಿಗ್ಗೆ ಕೂತಿರುತ್ತದೆ. ನೀರು ಎಂದಿನಂತೆಯೇ ಕಾಯುವುದರಿಂದ ‘ಸಂಪರ್ಕ ಸರಿಯಾಗಿದೆ’ ಎಂದುಕೊಳ್ಳುತ್ತೇವೆ. ಪ್ಲಗ್ಗಿನ ಬುಡ ಕಂದಾಗಿದ್ದರೆ, ಮುಟ್ಟಿದರೆ ಬಿಸಿಯೆನಿಸಿದರೆ, ಸುಟ್ಟ ವಾಸನೆ ಬಂದರೆ, ಕೆಟ್ಟಿರುವುದು ತಾಕು.

‘ಟರ್ಮಿನಲ್’ ಎಂಬುದು ತಂತಿಯು ಬಂದು ಮುಗಿಯುವ ಜಾಗ, ತಿರುಪಿನಿಂದ ಬಿಗಿಯುವ ಸ್ಥಾನ. ಗಡಿಯನ್ನು ಹೇಳುವ ಲ್ಯಾಟಿನ್ ಪದದಿಂದ ಬಂದದ್ದು. ರೋಮನರಲ್ಲಿ ಗಡಿಕಲ್ಲಿಗೆ ಆ ಹೆಸರಿನ ದೇವತೆಯೇ ಇದ್ದನು. 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಶಿವಮೊಗ್ಗದ ವಿಮಾನನಿಲ್ದಾಣದ ತಾವರೆಯಾಕಾರದ ಕಟ್ಟಡಕ್ಕೂ ಅದೇ ಹೆಸರು. ಇದನ್ನು ‘ಅಗ್ರ’ವೆಂದು ಕರೆಯಲು ಕೆಲವರಿಗೆ ಮನಸ್ಸು, ಆದರೆ ಪಾಠಪುಸ್ತಕಗಳಲ್ಲಿ ‘ವಿದ್ಯುದಗ್ರ’ವು ‘ಎಲೆಕ್ಟ್ರೋಡ್’ ಎಂಬುದಕ್ಕೆ ಆಗಲೇ ಹೋಗಿಬಿಟ್ಟಿದೆ. ‘ತಂತಿಗೊನೆ’ ಎಂದರೆ ಸಾಕೆಂದು ನಮ್ಮ ಮತ. ಜಂಕ್ಷನ್ ಇದಕ್ಕೆ ವಿರುದ್ಧ. ಅಲ್ಲಿ ಮುಗಿಯುವುದಿಲ್ಲ, ಕವಲೊಡೆಯುತ್ತದೆ. ಶಿವಮೊಗ್ಗದ ಕಡೆಯ ಹಳಿಯು ಬೀರೂರಿನಲ್ಲಿ ಹೆದ್ದಾರಿಯನ್ನು ಸೇರುವುದರಿಂದ ಬೀರೂರು ಜಂಕ್ಷನ್. ಅದೇ ಹಳಿ ಇನ್ನೊಂದು ಕಡೆ ತಾಳಗುಪ್ಪದಲ್ಲಿ ನಿಂತುಹೋಗುವುದರಿಂದ ಅದು ಕೊನೆ. ‘ಜಂಕ್ಷನ್’ ಎಂಬುದಕ್ಕೂ ನಮ್ಮ ‘ಯೋಗ’ ‘ಸಂಯೋಗ’ಗಳಿಗೂ ಮೂಲದಲ್ಲಿ ಒಂದೇ ಧಾತು, ಇಂಗ್ಲಿಷಿನಲ್ಲಿ ನೊಗಕ್ಕೆ ಹೇಳುವ ಪದವೂ ಅದರ ದಾಯಾದಿಯೇ.

ಅಮೆರಿಕೆಯಲ್ಲಿ ಮಕ್ಕಳಿರುವ ಮನೆಗಳು ಈಗ ಶಂಕರಘಟ್ಟದಂಥ ಊರಿನಲ್ಲಿಯೂ ಇರುವುದರಿಂದ ‘ಅಡಾಪ್ಟರ್’ ಎಂಬ ಪದವನ್ನು ಬಿಡುವಂತಿಲ್ಲ. ಇದು ಒಂದು ಆಕಾರದ ಕಡ್ಡಿಯನ್ನು ಬೇರೊಂದು ಆಕಾರದ ತೂತಿಗೆ ಹೊಂದಿಸುವ ಸಾಧನ. ಆಕಾರವನ್ನು ಮಾತ್ರ ಹೊಂದಿಸುತ್ತದೆ, ವಿದ್ಯುತ್ತನ್ನಲ್ಲ. ಅಲ್ಲಿಯ ಮನೆಗಳಲ್ಲಿ 120 ವೋಲ್ಟ್, ನಮ್ಮಲ್ಲಿ 230. ಅಲ್ಲಿಂದ ತಂದ ಕೂದಲಾರಿಸುವ ಯಂತ್ರವನ್ನು ಅಡಾಪ್ಟರಿನ ಮೂಲಕ ಇಲ್ಲಿ ಹಾಕಿದರೆ, ವೋಲ್ಟು ಎರಡರಷ್ಟಾಗುತ್ತಲೇ ಬಿಸಿಯು ಸುಮಾರು ಮೂರೂವರೆ ಪಟ್ಟನ್ನೂ ಮೀರುತ್ತದೆ. ನಮ್ಮ ಬಂಧುಗಳ ಮನೆಯಲ್ಲಿ ಅಂಥದೊಂದು ಹತ್ತು ಗಳಿಗೆಯೂ ಬಾಳದೆ ಹೊಗೆಯಾಡಿತು. ‘ಅಡಾಪ್ಟರ್ ಹಾಕಿದ್ದೆವಲ್ಲ’ ಎಂಬುದೇ ಅವರ ಅಳಲು. ಆದರೆ ಕಿಸೆ ದೂರವಾಣಿಗೆ ಶಕ್ತಿ ತುಂಬುವ ಸಾಧನವನ್ನೂ ಜನರು ಅಡಾಪ್ಟರೆಂದೇ ಕರೆಯುತ್ತಾರೆ, ಅದು ವೋಲ್ಟನ್ನೂ ಪ್ರವಾಹದ ಬಗೆಯನ್ನೂ ಬದಲಿಸುತ್ತದೆ. ಒಂದೇ ಹೆಸರಿನ ಎರಡು ಸಾಧನಗಳಲ್ಲಿ ಒಂದು ಬರಿಯ ವೇಷಧಾರಿ, ಇನ್ನೊಂದು ನಿಜವಾದ ದುಭಾಷಿ. ಖರೀದಿಗೆ ಮುನ್ನ ಅದರ ಮೈಮೇಲೆ ಅಚ್ಚಾಗಿರುವ ವೋಲ್ಟುಗಳ ಅಂಕಿಯನ್ನು ಓದುವುದೊಂದೇ ಉಪಾಯ.

ಒಂದು ವ್ಯಾಕರಣದ ಮಾತು, ನಮ್ಮ ಹಳೆಯ ಚಪಲ. ಇಂಗ್ಲಿಷಿನವರು ಎರಡು ಹೆಸರುಗಳನ್ನು ಕೂಡಿಸಲು ನಡುವೆ ಒಂದು ಅವ್ಯಯವನ್ನಿಡುತ್ತಾರೆ. ನಾವೂ ಈಗ ಅದೇ ಚಾಳಿಯಿಂದ ‘ಅಣ್ಣ ಮತ್ತು ತಮ್ಮ’ ಎನ್ನುತ್ತೇವೆ. ಕನ್ನಡದ ಸಹಜವಾದ ರೀತಿ ‘ಅಣ್ಣನೂ ತಮ್ಮನೂ’ ಎಂಬುದು. ಕೂಡಿಸುವ ‘ಊ’ಕಾರವು ನಡುವೆ ನಿಲ್ಲದೆ ಎರಡು ಕಡೆಗೂ ಹಂಚಿಕೊಂಡಿದೆ, ಪ್ಲಗ್ಗು ಸಾಕೆಟ್ಟುಗಳಂತೆ ಒಂದೊಂದರ ಮೈಮೇಲೆ ಒಂದೊಂದು ಭಾಗ. ‘ಮತ್ತು’ ಎಂಬುದು ನಡುವೆ ತಂದಿಟ್ಟ ಅಡಾಪ್ಟರು. ಇದು ವಿನೋದಕ್ಕಾಗಿ ಹೇಳಿದ್ದು. ಯಾರೂ ವ್ಯಾಕರಣಗ್ರಂಥದಲ್ಲಿ ಹುಡುಕಬೇಡಿರಿ.

ಹಾಗಾದರೆ ಕನ್ನಡದಲ್ಲಿ ಶಾಸ್ತ್ರದ ಪದಗಳನ್ನು ಸೃಷ್ಟಿಸಲೇಬಾರದೆ ಎಂದು ಆಕ್ಷೇಪಿಸುವವರುಂಟು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದಾಗಲೂ ಈ ತೊಡಕು ಎದುರಾಗಿಯೇ ಇದ್ದಿತು. ಯಾರ ಹೆಸರನ್ನು ನಮ್ಮ ಪಕ್ಕದ ವಿಶ್ವವಿದ್ಯಾನಿಲಯವು ಹೊತ್ತಿದೆಯೋ ಆ ಕುವೆಂಪುರವರು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದು ಕನ್ನಡ ಮಾಧ್ಯಮಕ್ಕಾಗಿ ಹೋರಾಡಿದವರು. ಕನ್ನಡದಲ್ಲಿ ಹೇಳಬಾರದೆಂದು ನಾವು ಎಂದಿಗೂ ಹೇಳೆವು. ಆದರೆ ಅಂಗಡಿಯಲ್ಲಿ ಕೊಳ್ಳಬೇಕಾದ ವಸ್ತುವಿಗೆ ಅಂಗಡಿಯವನು ಅರಿಯದ ಹೆಸರಿಡತಕ್ಕದ್ದಲ್ಲ. ಇಟ್ಟರೂ ಎರಡು ವಸ್ತುಗಳಿಗೆ ಒಂದೇ ಹೆಸರಿಡತಕ್ಕದ್ದಲ್ಲ. ಪ್ಲಗ್ಗು, ಸಾಕೆಟ್ಟುಗಳು ಈಗ ಅಡಿಗೆಮನೆಯ ಕನ್ನಡವೇ ಆಗಿವೆ. ನಾವು ಅವನ್ನು ಒರಟೆಂದು ಎಣಿಸಿದ್ದೇ ತಪ್ಪು.

ವರ್ತಕರ ಬಳಿಗೆ ಹೋಗಿ ನಡೆದದ್ದನ್ನು ತಿಳಿಸಿ, ಆ ವಾಕ್ಯವನ್ನು ಹೀಗೆ ತಿದ್ದಿಕೊಟ್ಟಿದ್ದೇವೆ: ‘ತಂತಿಯ ಗೋಡೆಯ ಕಡೆಯ ತುದಿಗೆ ಹೊರಚಾಚಿದ ಕಡ್ಡಿಗಳುಳ್ಳ ಪ್ಲಗ್ಗನ್ನೂ, ಯಂತ್ರದ ಕಡೆಯ ತುದಿಗೆ ತೂತುಗಳುಳ್ಳ ಕನೆಕ್ಟರನ್ನೂ ಹಾಕತಕ್ಕದ್ದು. ಎರಡು ತುದಿಗೂ ಕಡ್ಡಿಗಳಿರುವ ತಂತಿಯನ್ನು ಎಂದಿಗೂ ಬಳಸತಕ್ಕದ್ದಲ್ಲ.’ ಹಳೆಯದಕ್ಕಿಂತ ಇದು ಮೂರು ಪಟ್ಟು ಉದ್ದವಾಯಿತು. ಅಚ್ಚಿಗೆ ಕೊಡುವ ಮುನ್ನ ಆ ಹುಡುಗನಿಂದಲೇ ಓದಿಸಿದೆವು. ಅವನು ಓದಿ, “ತೂತಿನದು ಕೇಳಿದರೆ ಅಂಗಡಿಯವರು ಯಂತ್ರದ ಮೇಲಿನದನ್ನು ಬಿಚ್ಚಿ ತನ್ನಿ ಅಂತಾರೆ ಮೇಷ್ಟ್ರೇ, ಅಳತೆ ನೋಡೋದಕ್ಕೆ. ಹಳೇ ಕನೆಕ್ಟರನ್ನೇ ಕೈಯಲ್ಲಿ ಹಿಡ್ಕೊಂಡು ಹೋಗಿ ಅಂತಲೂ ಬರೀರಿ” ಎಂದನು. ಅದನ್ನೂ ಸೇರಿಸಿದೆವು.

ಹಳೆಯ ನಲವತ್ತು ಪ್ರತಿಗಳನ್ನು ಹುಡುಕಿಕೊಂಡು ನಾವೂ ಅವನೂ ಎರಡು ತಿಂಗಳಿಂದ ಭಾನುವಾರಗಳಲ್ಲಿ ತಿರುಗುತ್ತಿದ್ದೇವೆ. ಮೂವತ್ತೇಳು ಸಿಕ್ಕಿವೆ. ಅವುಗಳಲ್ಲಿ ನಾಲ್ಕು ಮನೆಗಳಲ್ಲಿ ತಂತಿಯನ್ನು ಬದಲಾಯಿಸಿಕೊಂಡಿದ್ದರು. ಒಂದು ಮನೆಯಲ್ಲಿ ಎರಡು ತುದಿಗೂ ಪ್ಲಗ್ಗೇ ಇತ್ತು, ಅದನ್ನು ಕತ್ತರಿಸಿ ತಂದಿದ್ದೇವೆ. ಉಳಿದ ಮೂರು ಪ್ರತಿಗಳು ತರೀಕೆರೆಯ ಕಡೆಗೆ ಹೋದವೆಂದು ವರ್ತಕರು ಹೇಳುತ್ತಾರೆ. ಹಳದಿ ಕಾಗದ, ನಾಲ್ಕು ಪುಟ, ಅಡಿಕೆ ಸುಲಿಯುವ ಯಂತ್ರದ ಚಿತ್ರ. ಮೂರನೆಯ ಪುಟದ ಆರನೆಯ ಸೂಚನೆ. ಯಾರ ಮನೆಯಲ್ಲಾದರೂ ಇದ್ದರೆ ಆ ಸಾಲನ್ನು ಹೊಡೆದುಹಾಕಿ, ಪತ್ರಿಕೆಯ ಕಚೇರಿಗೆ ಒಂದು ಕಾಗದ ಬರೆಯಬೇಕಾಗಿ ಬಿನ್ನಹ.